ಅಲಾಸ್ಕಾ ಮತ್ತು ಹವಾಯಿ ಹೊರತುಪಡಿಸಿ

“ಸಾಗಣೆ ಉಚಿತ” ಎಂದು ಹಸಿರು ಅಕ್ಷರಗಳಲ್ಲಿ ಬರೆದಿತ್ತು. ಅದರ ಹೆಗಲ ಮೇಲೆ ಒಂದು ಪುಟ್ಟ ನಕ್ಷತ್ರ ಕುಳಿತಿತ್ತು. ನೋಡಿದ ಕೂಡಲೇ ನನ್ನ ಉತ್ಸಾಹ ಇಳಿದುಹೋಯಿತು. ಆಂಕರೇಜ್‌ಗೆ ಬಂದು ಆರು ವರ್ಷವಾದ ನನಗೆ ಈ ನಕ್ಷತ್ರದ ಫಲ ಹೇಳಲು ಜೋಯಿಸರು ಬೇಕಿಲ್ಲ. ಪುಟದ ತಳಕ್ಕೆ ಇಳಿದರೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಅದು ಇದ್ದೇ ಇರುತ್ತದೆ: “ಅಲಾಸ್ಕಾ ಮತ್ತು ಹವಾಯಿ ಹೊರತುಪಡಿಸಿ.”

ನಾನು ಕೊಳ್ಳಲು ಹೊರಟದ್ದು ಸೋಫಾ ಅಲ್ಲ, ಗ್ರೈಂಡರ್ ಅಲ್ಲ. ಐದು ಲೀಟರಿನ ಕುಕ್ಕರಿಗೆ ಒಂದು ಗ್ಯಾಸ್ಕೆಟ್. ಮಡಚಿದರೆ ಮುಷ್ಟಿಯೊಳಗೆ ಅಡಗುವ ರಬ್ಬರಿನ ಬಳೆ. ಬೆಲೆ ಆರು ಡಾಲರ್. ನಮ್ಮ ಊರಿನ ಪಿನ್‌ಕೋಡ್ ಒತ್ತಿದ ಮೇಲೆ ಸಾಗಣೆಗೆ ಮೂವತ್ತನಾಲ್ಕು. 1867ರಲ್ಲಿ ಅಮೆರಿಕ ಈ ಇಡೀ ಅಲಾಸ್ಕಾವನ್ನೇ ರಷ್ಯಾದಿಂದ 72 ಲಕ್ಷ ಡಾಲರಿಗೆ ಕೊಂಡಿತು. ಎಕರೆಗೆ ಸುಮಾರು ಎರಡು ಸೆಂಟ್ ಬಿದ್ದಿತು. ನನ್ನ ಗ್ಯಾಸ್ಕೆಟ್ಟಿನ ಸಾಗಣೆಯ ದುಡ್ಡಿಗೆ ಅಂದು 1700 ಎಕರೆ ಬರುತ್ತಿತ್ತು. ಅಷ್ಟು ಜಮೀನಿದ್ದಿದ್ದರೆ ಕುಕ್ಕರಿನ ಹಂಗೇ ಇರಲಿಲ್ಲ, ಮೂರು ಕಲ್ಲು ಹೂಡಿ ಸೌದೆಯಲ್ಲಿ ಬೇಳೆ ಬೇಯಿಸಿಕೊಳ್ಳಬಹುದಿತ್ತು.

ಇದು ಕಳುಹಿಸಲು ಒಪ್ಪಿದವರ ಮಾತಾಯಿತು. ಒಪ್ಪದವರೇ ಹೆಚ್ಚು. ಒಬ್ಬ ಮಾರಾಟಗಾರ ಬಹಳ ವಿನಯದಿಂದ, “ಕ್ಷಮಿಸಿ, ನಾವು ಅಮೆರಿಕದೊಳಗೆ ಮಾತ್ರ ಕಳುಹಿಸುತ್ತೇವೆ” ಎಂದು ಬರೆದ. 1959ರ ಜನವರಿ 3ರಂದು ನಾವೂ ಒಂದು ರಾಜ್ಯವಾಗಿ ಒಳಗೆ ಬಂದಿದ್ದೇವೆ, ಇನ್ನೂ ಹೊರಗೆ ಹೋಗಿಲ್ಲ ಎಂದು ನಾನೂ ಅಷ್ಟೇ ವಿನಯದಿಂದ ಮರುಪತ್ರ ಬರೆದೆ. ಉತ್ತರ ಬರಲಿಲ್ಲ. ಬಹುಶಃ ಯಾರನ್ನಾದರೂ ಕೇಳಿ ಖಚಿತಪಡಿಸಿಕೊಳ್ಳುತ್ತಿರಬೇಕು.

ತಪ್ಪು ಅವನದಲ್ಲ, ಭೂಪಟ ಬರೆದವರದು. ಅಮೆರಿಕದ ನಕ್ಷೆಯಲ್ಲಿ ಅಲಾಸ್ಕಾವನ್ನು ಕುಗ್ಗಿಸಿ, ಕ್ಯಾಲಿಫೋರ್ನಿಯಾದ ಕೆಳಗೆ, ಮೆಕ್ಸಿಕೋದ ಮಗ್ಗುಲಲ್ಲಿ ಒಂದು ಚೌಕ ಬರೆದು ಕೂರಿಸಿರುತ್ತಾರೆ. ಪಕ್ಕದ ಚೌಕದಲ್ಲಿ ಹವಾಯಿ. ಮದುವೆ ಮನೆಯಲ್ಲಿ ಪಂಕ್ತಿ ತುಂಬಿಹೋಗಿ ಇಬ್ಬರಿಗೆ ಅಡುಗೆಮನೆಯ ಬಾಗಿಲಲ್ಲಿ ಎಲೆ ಹಾಕಿದ ಹಾಗೆ. ಒಂಬತ್ತು ಕರ್ನಾಟಕ ಹಿಡಿಸುವ ನೆಲ ಇದು. ಜನ ಮಾತ್ರ ಏಳೂಕಾಲು ಲಕ್ಷದ ಆಸುಪಾಸು, ಮೈಸೂರು ನಗರದಷ್ಟೂ ಇಲ್ಲ. ಈ ನಕ್ಷೆ ನೋಡಿಕೊಂಡು ನನ್ನ ಸೋದರಮಾವ ಒಮ್ಮೆ ಫೋನಿನಲ್ಲಿ, “ಮೆಕ್ಸಿಕೋ ಪಕ್ಕದ ದ್ವೀಪ ಎಂದಮೇಲೆ ಅಷ್ಟೊಂದು ಚಳಿ ಎಲ್ಲಿಂದ ಬಂತಮ್ಮ?” ಎಂದು ನಿಜವಾದ ಕಾಳಜಿಯಿಂದ ಕೇಳಿದ್ದರು.

ಇಲ್ಲಿಯ ಜನವೂ ಸುಮ್ಮನೆ ಕುಳಿತಿಲ್ಲ. ಉಳಿದ ಅಮೆರಿಕವನ್ನೆಲ್ಲ ಒಂದೇ ಮೂಟೆ ಕಟ್ಟಿ “ಔಟ್‌ಸೈಡ್” ಎನ್ನುತ್ತಾರೆ. ನ್ಯೂಯಾರ್ಕ್ ಔಟ್‌ಸೈಡ್, ಷಿಕಾಗೋ ಔಟ್‌ಸೈಡ್. ಅವರು ನಮ್ಮನ್ನು ಹೊರತುಪಡಿಸಿದರೆ ನಾವು ಅವರನ್ನು ಹೊರಗಿಟ್ಟಿದ್ದೇವೆ. ಲೆಕ್ಕ ಚುಕ್ತಾ ಎನ್ನಬಹುದಿತ್ತು. ಆದರೆ ಗ್ಯಾಸ್ಕೆಟ್ ಇರುವುದು ಔಟ್‌ಸೈಡಿನಲ್ಲಿ.

ಹಳೆಯ ಗ್ಯಾಸ್ಕೆಟ್ ಏನಾಯಿತು ಎಂದು ನೀವು ಕೇಳಬಹುದು. ನೀವು ಕೇಳದಿದ್ದರೂ ಇವರು ಹೇಳುತ್ತಾರೆ. ಮನೆಗೆ ಬಂದವರಿಗೆಲ್ಲ ಕಾಫಿಗಿಂತ ಮೊದಲು ಅದನ್ನೇ ಬಡಿಸುತ್ತಿದ್ದಾರೆ. ಅದಕ್ಕಿಂತ ನಾನೇ ಹೇಳಿಬಿಡುವುದು ಮೇಲು.

ಡಿಸೆಂಬರಿನ ಮೊದಲ ವಾರ ಅದು ಸಡಿಲವಾಯಿತು. ಕುಕ್ಕರ್ ಕೂಗುವ ಬದಲು ಮುಚ್ಚಳದ ಸುತ್ತಲೂ ನಿಟ್ಟುಸಿರು ಬಿಡತೊಡಗಿತು. ತಿಪಟೂರಿಗೆ ಫೋನ್ ಮಾಡಿದೆ. “ಅಷ್ಟಕ್ಕೆ ಹೊಸದೇಕೆ? ಆ ರಬ್ಬರನ್ನು ಹತ್ತು ನಿಮಿಷ ಫ್ರೀಜರಿನಲ್ಲಿ ಇಡು, ಬಿಗಿಯಾಗುತ್ತದೆ” ಎಂದಳು ಅಮ್ಮ. ಕರ್ನಾಟಕದ ಯಾವ ಅಡುಗೆಮನೆಯಲ್ಲಾದರೂ ಸಿಗುವ ಸಲಹೆ. ಆದರೆ ನಮ್ಮ ಫ್ರೀಜರಿನಲ್ಲಿ ಬೇಸಿಗೆಯಲ್ಲಿ ಗುಡ್ಡ ಹತ್ತಿ ಆರಿಸಿ ತಂದ ಬ್ಲೂಬೆರ್ರಿ ಚೀಲಗಳು ಒತ್ತೊತ್ತಾಗಿ ತುಂಬಿದ್ದವು. ನನಗೆ ಆಗ ಒಂದು ಬುದ್ಧಿವಂತಿಕೆ ಹೊಳೆಯಿತು. ಹೊರಗೆ ಸೊನ್ನೆಗಿಂತ 24 ಡಿಗ್ರಿ ಕೆಳಗಿದೆ. ಇಷ್ಟು ದೊಡ್ಡ ಫ್ರೀಜರನ್ನು ದೇವರೇ ಬಿಟ್ಟಿಯಾಗಿ ಕೊಟ್ಟಿರುವಾಗ ಒಳಗಿನದೇಕೆ? ಹಿತ್ತಿಲ ಜಗಲಿಯ ಕಟಕಟೆಯ ಮೇಲೆ ಗ್ಯಾಸ್ಕೆಟ್ ಇಟ್ಟು ಒಳಗೆ ಬಂದೆ.

ಐದು ನಿಮಿಷವಾಗಿರಲಿಲ್ಲ, ಕಾಗೆ ಬಂತು. ನಮ್ಮ ಕಾಗೆಯಲ್ಲ, ಇದು ರೇವನ್, ನಮ್ಮ ಕಾಗೆಯ ದೊಡ್ಡಪ್ಪ. ರೆಕ್ಕೆ ಬಿಚ್ಚಿದರೆ ಒಂದು ಮೀಟರಿಗೂ ಮಿಗಿಲು. ಚಳಿಗಾಲದಲ್ಲಿ ಇವು ಊಟ ಹುಡುಕಿಕೊಂಡು ಪೇಟೆಗೆ ಬರುತ್ತವೆ, ಅಂಗಡಿಗಳ ಮುಂದೆ ಪಿಕಪ್ ಗಾಡಿಗಳ ಹಿಂಭಾಗದಲ್ಲಿಟ್ಟ ದಿನಸಿ ಚೀಲಗಳನ್ನು ಬಿಚ್ಚಿ ನೋಡುತ್ತವೆ. ಈ ಮಹಾಶಯ ಕಟಕಟೆಯ ಮೇಲೆ ಕುಳಿತು ಗ್ಯಾಸ್ಕೆಟ್ಟನ್ನು ಒಮ್ಮೆ ಎಡಗಣ್ಣಿನಿಂದ, ಒಮ್ಮೆ ಬಲಗಣ್ಣಿನಿಂದ ಪರೀಕ್ಷಿಸಿ, ಕೊಕ್ಕಿಗೆ ಸಿಕ್ಕಿಸಿಕೊಂಡು ಹಾರಿ, ಪಕ್ಕದ ಮನೆಯ ಸ್ಪ್ರೂಸ್ ಮರದ ತುದಿಯಲ್ಲಿ ಕುಳಿತ. ನಾನು ಬರಿಯ ಚಪ್ಪಲಿಯಲ್ಲಿ ಹಿಮದೊಳಗೆ ನಿಂತು “ಹುಶ್, ಹುಶ್” ಎಂದೆ. ಹುಶ್ ಎನ್ನುವುದು ಕನ್ನಡ ಕಾಗೆಗಳಿಗೆ ತಿಳಿಯುವ ಭಾಷೆ. ಊರಿನಲ್ಲಿ ಪಿತೃಪಕ್ಷದ ದಿನ ಮಾಳಿಗೆಯ ಮೇಲೆ ವಡೆ, ಪಾಯಸ ಇಟ್ಟು ಗಂಟೆಗಟ್ಟಲೆ “ಕಾ ಕಾ” ಎಂದು ಕರೆದರೂ ಒಂದು ಕಾಗೆ ಬರುವುದಿಲ್ಲ. ಇಲ್ಲಿ ರಬ್ಬರಿಗೆ ಓಡಿಬರುತ್ತದೆ. ಯಾರ ಹಿರಿಯರೋ, ಏನು ಬಾಕಿಯೋ.

ಇಲ್ಲಿಯ ಮೂಲನಿವಾಸಿಗಳಾದ ಟ್ಲಿಂಗಿಟ್ ಜನರ ಕಥೆಯಲ್ಲಿ, ಒಬ್ಬ ಮುದುಕ ಪೆಟ್ಟಿಗೆಯಲ್ಲಿ ಬಚ್ಚಿಟ್ಟಿದ್ದ ಬೆಳಕನ್ನು ಕದ್ದು ಲೋಕಕ್ಕೆ ಕೊಟ್ಟದ್ದು ಇದೇ ರೇವನ್. ವಂಶಪಾರಂಪರ್ಯವಾಗಿ ಕಳ್ಳರು, ಅಷ್ಟು ಒಪ್ಪಬೇಕು. ಆದರೆ ಕದ್ದ ಬೆಳಕನ್ನು ಹಂಚುವಾಗ ಅಲಾಸ್ಕಾದ ಡಿಸೆಂಬರಿಗೆ ಬಹಳ ಕೈ ಬಿಗಿ ಹಿಡಿದಿದ್ದಾನೆ ಎಂಬುದು ನನ್ನ ದೂರು. 21ರಂದು ಆಂಕರೇಜ್‌ನಲ್ಲಿ ಸೂರ್ಯ ಏಳುವುದು ಬೆಳಗ್ಗೆ ಹತ್ತೂಕಾಲಿಗೆ. ಮಧ್ಯಾಹ್ನ ಮೂರು ನಲವತ್ತಕ್ಕೆ ಅಂಗಡಿ ಮುಚ್ಚುತ್ತಾನೆ. ನಡುವಿನ ಐದೂವರೆ ಗಂಟೆಯೂ ತೆಂಗಿನಮರದ ಎತ್ತರಕ್ಕೆ ಏರದೆ, ತಲೆ ತಗ್ಗಿಸಿ, ಬಾಡಿಗೆ ಬಾಕಿ ಉಳಿಸಿಕೊಂಡವನ ಹಾಗೆ ಗೋಡೆ ಬದಿಯಲ್ಲಿ ನಡೆದುಹೋಗುತ್ತಾನೆ. ನಮ್ಮ ಕಚೇರಿಯಲ್ಲಿ ದಕ್ಷಿಣಕ್ಕೆ ಕಿಟಕಿ ಇರುವುದು ಮ್ಯಾನೇಜರರ ಕೋಣೆಗೆ ಮಾತ್ರ. ಡಿಸೆಂಬರಿನಲ್ಲಿ ಹನ್ನೆರಡು ಗಂಟೆಯ ಹೊತ್ತಿಗೆ ಎಲ್ಲರಿಗೂ ಆ ಕೋಣೆಯಲ್ಲಿ ಏನಾದರೊಂದು ತುರ್ತು ಕೆಲಸ ಬೀಳುತ್ತದೆ. ಕಡತ ಹಿಡಿದು ಹೋಗುತ್ತೇವೆ, ಮುಖವನ್ನು ಬಿಸಿಲಿಗೆ ಕೊಟ್ಟು ಮಾತಾಡುತ್ತೇವೆ, ಅವರು ಕೇಳಿದ ಪ್ರಶ್ನೆ ಯಾವುದೆಂದು ಹೊರಗೆ ಬಂದ ಮೇಲೆ ನೆನಪಾಗುವುದಿಲ್ಲ.

“ಮನೆಯಲ್ಲಿ ಫ್ರಿಜ್ ಇರಲಿಲ್ಲವೇ?” ಇವರು ಕೇಳಿದ್ದು ಇಷ್ಟೇ. ಆದರೆ ಐದು ವಾರ ಕೇಳಿದರು.

ಕುಕ್ಕರಿಲ್ಲದ ಮನೆಯಲ್ಲಿ ತೊಗರಿಬೇಳೆ ಪಾತ್ರೆಯಲ್ಲಿ ಬೇಯಲು ಒಂದು ಗಂಟೆಯ ಮೇಲೆ ಬೇಕು. ಸಂಜೆ ಕಚೇರಿಯಿಂದ ಬಂದು ಇಟ್ಟರೆ ಸಾರು ಆಗುವ ಹೊತ್ತಿಗೆ ನಿದ್ದೆ ಬಂದಿರುತ್ತದೆ. ಆದ್ದರಿಂದ ಬೇಳೆ ಬೇಯಿಸುವ ಕೆಲಸವನ್ನು ಬೆಳಗಿನ ಐದು ಗಂಟೆಯ ಸಭೆಗೆ ಹಾಕಿಕೊಂಡೆ. ನಮ್ಮ ಮುಖ್ಯ ಕಚೇರಿ ಪೂರ್ವ ತೀರದಲ್ಲಿದೆ. ಅವರ ಒಂಬತ್ತು ನಮ್ಮ ಐದು. ಪರದೆಯಲ್ಲಿ ಅವರ ಬೆನ್ನ ಹಿಂದೆ ಎಳೆಬಿಸಿಲು, ಕೈಯಲ್ಲಿ ಎರಡನೆಯ ಕಾಫಿ; ನನ್ನ ಬೆನ್ನ ಹಿಂದೆ ಕಗ್ಗತ್ತಲು, ಒಲೆಯ ಮೇಲೆ ಬೇಳೆ. ಪ್ರತಿ ವಾರ ಒಬ್ಬರು ತಪ್ಪದೆ, “ಅಲ್ಲಿ ಈಗ ಎಷ್ಟು ಗಂಟೆ?” ಎಂದು ಕೇಳುತ್ತಾರೆ. ಹೇಳುತ್ತೇನೆ. ಎಲ್ಲರೂ “ಅಯ್ಯೋ ಪಾಪ” ಎನ್ನುತ್ತಾರೆ. ಆಮೇಲೆ ಮುಂದಿನ ವಾರದ ಸಭೆಯನ್ನು ಅದೇ ಹೊತ್ತಿಗೆ ಗೊತ್ತು ಮಾಡುತ್ತಾರೆ. ಮಧ್ಯಾಹ್ನ ಒಂದಾದ ಮೇಲೆ ನಾನೇನಾದರೂ ಪ್ರಶ್ನೆ ಕಳುಹಿಸಿದರೆ ಅಲ್ಲಿ ದೀಪ ಆರಿಸಿ ಮನೆಗೆ ಹೋಗಿರುತ್ತಾರೆ.

ಇಡ್ಲಿ ಮಾಡಿಕೊಂಡು ಕಾಲ ಹಾಕಬಹುದಿತ್ತಲ್ಲ ಎನ್ನುವಿರಿ. ಈ ಚಳಿಯಲ್ಲಿ ಹಿಟ್ಟು ಹುದುಗು ಬರುವುದಿಲ್ಲ. ಓವನ್ನಿನೊಳಗೆ ದೀಪ ಹಾಕಿ, ಪಾತ್ರೆಗೆ ಶಾಲು ಹೊದಿಸಿ, ಬಾಣಂತಿಯ ಕೋಣೆಯಂತೆ ಬಾಗಿಲು ಮುಚ್ಚಿ ಇಟ್ಟರೂ ಎರಡು ದಿನ ತೆಗೆದುಕೊಳ್ಳುತ್ತದೆ. ಇಲ್ಲಿ ಹಲವು ಚಳಿಗಾಲ ಕಂಡ ಹಳಬರನ್ನು ಗೌರವದಿಂದ “ಸೋರ್‌ಡೋ” ಎನ್ನುತ್ತಾರೆ, ಅಂದರೆ ಹುಳಿಹಿಟ್ಟು. ಚಿನ್ನ ಹುಡುಕಿಕೊಂಡು ಬಂದ ಕಾಲದ ಜನ ರೊಟ್ಟಿಯ ಹುಳಿಹಿಟ್ಟು ಹೆಪ್ಪುಗಟ್ಟದಿರಲೆಂದು ಮೈಗೆ ಅವಚಿಕೊಂಡು ಮಲಗುತ್ತಿದ್ದರಂತೆ. ಹೊಸಬರಿಗೆ “ಚೀಚಾಕೋ” ಎಂದು ಹೆಸರು. ಪಕ್ಕದ ಮನೆಯ ಮುದುಕರು, ನಲವತ್ತು ಚಳಿಗಾಲ ಕಂಡವರು, ನನ್ನನ್ನು ಇನ್ನೂ ಚೀಚಾಕೋ ಪಟ್ಟಿಯಲ್ಲೇ ಇಟ್ಟಿದ್ದಾರೆ. ಉದ್ದಿನ ಹಿಟ್ಟೇ ಹುಳಿ ಬರದ ಊರಿನಲ್ಲಿ ನಾನು ಹುಳಿ ಬರುವುದು ಯಾವಾಗಲೋ.

ಇನ್ನು ಹಿಮ ಗೋರುವ ವಿಚಾರ. ಅದರ ಬಗ್ಗೆ ನನ್ನದು ಒಂದೇ ತಕರಾರು. ಬೆಳಗ್ಗೆ ಆರಕ್ಕೆ ಎದ್ದು, ಎರಡು ಕೋಟು ಹಾಕಿ, ಕಾರು ಹೊರಡುವಷ್ಟು ದಾರಿಯನ್ನು ಸೊಂಟ ಬಿದ್ದುಹೋಗುವಂತೆ ಗೋರುತ್ತೇನೆ. ಕಸ ಗುಡಿಸಿ ರಂಗೋಲಿ ಇಡಬಹುದು, ಅಷ್ಟು ಚೊಕ್ಕಟ. ಕೈಗವಸು ಬಿಚ್ಚುವ ಹೊತ್ತಿಗೆ ಸರಿಯಾಗಿ ಬೀದಿಯ ಹಿಮ ತಳ್ಳುವ ಯಂತ್ರ ಬರುತ್ತದೆ. ಇಡೀ ಬೀದಿಯ ಹಿಮವನ್ನು ಬದಿಗೆ ತಳ್ಳುತ್ತಾ ಬಂದು ನನ್ನ ಹೊಸಿಲಿಗೆ ಮೊಣಕಾಲೆತ್ತರದ ಬದು ಹಾಕಿ, ದೀಪ ಮಿಣುಕಿಸುತ್ತಾ ಹೋಗುತ್ತದೆ. ಹೊಲದ ಬದುವಿಗೆ ಊರಿನಲ್ಲಿ ಅಣ್ಣತಮ್ಮಂದಿರು ಕೋರ್ಟಿಗೆ ಹೋಗುತ್ತಾರೆ. ಈ ಬದುವಿಗೆ ಯಾವ ಕೋರ್ಟೂ ಇಲ್ಲ. ತಮಾಷೆಯೆಂದರೆ, ಹೀಗೆ ಎತ್ತಿ ಊರಾಚೆ ಸಾಗಿಸಿದ ಮೇಲೆ, ಮಾರ್ಚ್ ಮೊದಲ ಶನಿವಾರ ಇಡಿಟರಾಡ್ ನಾಯಿಗಾಡಿ ಪಂದ್ಯದ ಮೆರವಣಿಗೆ ಶುರುವಾಗುವಾಗ, ಲಾರಿಗಳಲ್ಲಿ ಹಿಮ ತುಂಬಿ ತಂದು ಪೇಟೆಯ ನಾಲ್ಕನೇ ಬೀದಿಗೆ ಮತ್ತೆ ಸುರಿಯುತ್ತಾರೆ. ಹೊರಗೆ ಸಾಗಿಸಿ ಪುನಃ ಒಳಗೆ ತರುವುದು ಈ ಊರಿನ ರೂಢಿ ಎಂದು ಆಗಲೇ ನನಗೆ ಅರ್ಥವಾಗಬೇಕಿತ್ತು.

ಕೊನೆಗೆ ಹಾಂಗ್‌ಕಾಂಗಿನ ಒಂದು ಅಂಗಡಿ, ಅಲಾಸ್ಕಾ ಎಂದರೆ ಏನೆಂದು ಕೇಳದೆ, ಹನ್ನೊಂದು ಡಾಲರಿಗೆ ಕಳುಹಿಸಲು ಒಪ್ಪಿತು. ಅಂದಿನಿಂದ ನಮ್ಮ ಮನೆಯಲ್ಲಿ ಇವರ ಪಾರಾಯಣ ಆರಂಭವಾಯಿತು.

ಪಾರ್ಸೆಲ್ ಎಲ್ಲಿದೆ ಎಂದು ಮೊಬೈಲಿನಲ್ಲಿ ನೋಡುವುದು ಲೋಕಾರೂಢಿ. ಇವರದು ನೋಡುವುದಲ್ಲ, ಉಪಾಸನೆ. ಬೆಳಗ್ಗೆ ಎದ್ದು ಅಂಗೈ ನೋಡಿಕೊಳ್ಳುವ ಮೊದಲು ಪಾರ್ಸೆಲ್ ನೋಡುತ್ತಾರೆ. ನೋಡಿ ಸುಮ್ಮನಿರುವುದೂ ಇಲ್ಲ. ಆಕಾಶವಾಣಿಯ ಪ್ರದೇಶ ಸಮಾಚಾರದ ಧಾಟಿಯಲ್ಲಿ ಇಡೀ ಮನೆಗೆ ಕೇಳುವಂತೆ ಓದುತ್ತಾರೆ. ಮನೆಯಲ್ಲಿ ಇರುವುದು ನಾನೊಬ್ಬಳೇ. “ಮಾರಾಟಗಾರರು ಲೇಬಲ್ ಸಿದ್ಧಪಡಿಸಿದ್ದಾರೆ.” ಅರ್ಧ ಗಂಟೆಯ ನಂತರ, “ಲೇಬಲ್ ಸಿದ್ಧವಾಗಿದೆ, ಪಾರ್ಸೆಲ್ ಇನ್ನೂ ಕೈ ಸೇರಿಲ್ಲ.” ಹಲ್ಲುಜ್ಜುತ್ತಾ ಬಾಯ್ತುಂಬ ನೊರೆಯಲ್ಲೂ ಒಂದು ವಿಶೇಷ ವಾರ್ತೆ. ಸೇತುವೆ ಕಟ್ಟುವ ಎಂಜಿನಿಯರ್ ಇವರು. ಕಾಂಕ್ರೀಟ್ ಹಾಕಿಸುವಾಗಲೂ ಇಷ್ಟು ಸಲ ಹೋಗಿ ನೋಡಿದ್ದು ಅನುಮಾನ.

ಹೊರಟ ಎರಡನೆಯ ರಾತ್ರಿ, ಎರಡೂವರೆ ಗಂಟೆಗೆ ನನ್ನನ್ನು ಅಲುಗಿಸಿ ಎಬ್ಬಿಸಿದರು. “ಬಂತು.”

ಭೂಕಂಪವೆಂದು ನಾನು ಎದ್ದು ಬಾಗಿಲ ಕಡೆಗೆ ಓಡಿದೆ. 2018ರ ನವೆಂಬರ್ 30ರ ಬೆಳಗ್ಗೆ 7ರ ಮೇಲಿನ ತೀವ್ರತೆಯಲ್ಲಿ ನಡುಗಿದ ಊರು ಇದು. ನಾವು ಬಂದದ್ದು ಆಮೇಲೆ, ಆದರೆ “ಬಂತು” ಎಂದರೆ ಓಡಬೇಕೆಂದು ಹಳಬರು ಕಲಿಸಿಕೊಟ್ಟಿದ್ದಾರೆ.

“ಗ್ಯಾಸ್ಕೆಟ್. ಆಂಕರೇಜ್‌ಗೆ ಬಂದು ಇಳಿದಿದೆ.”

ವಿಮಾನ ನಿಲ್ದಾಣ ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿ. ಆ ಸಂತೋಷದಲ್ಲಿ ನಾನು ಅಪರಾತ್ರಿಯಲ್ಲಿ ಒಂದು ಪಾವು ಕಡಲೆಕಾಳು ನೆನೆಹಾಕಿ ಮಲಗಿದೆ. ಬೆಳಗ್ಗೆ ಆರಕ್ಕೆ ವಾರ್ತೆ: “ಆಂಕರೇಜ್‌ನಿಂದ ಹೊರಟಿದೆ.” ನಮ್ಮ ಮನೆಗೇ ಹೊರಟಿದೆ ಎಂದುಕೊಂಡು ಇಬ್ಬರೂ ಸರದಿಯ ಮೇಲೆ ಕಿಟಕಿ ಕಾದೆವು. ಮಧ್ಯಾಹ್ನ ಕಚೇರಿಗೆ ಇವರ ಫೋನ್ ಬಂತು. ಧ್ವನಿ ಬಿದ್ದುಹೋಗಿತ್ತು. “ಕೆಂಟಕಿಯಲ್ಲಿದೆಯಂತೆ.”

ಕೆಂಟಕಿ ಇಲ್ಲಿಂದ ಐದು ಸಾವಿರ ಕಿಲೋಮೀಟರ್.

ನಡೆದದ್ದು ಇಷ್ಟು. ಏಷ್ಯಾದಿಂದ ಸರಕು ಹೊತ್ತು ಬರುವ ವಿಮಾನಗಳಿಗೆ ತುಂಬಿದ ಹೊಟ್ಟೆ ಮತ್ತು ತುಂಬಿದ ಟ್ಯಾಂಕು ಎರಡನ್ನೂ ಹೊತ್ತು ಒಂದೇ ನೆಗೆತಕ್ಕೆ ಅಮೆರಿಕದ ನಡುಭಾಗ ತಲುಪುವುದು ಕಷ್ಟ. ಹಾಗಾಗಿ ಇಂಧನ ಕಡಿಮೆ ತುಂಬಿಸಿಕೊಂಡು, ಸರಕು ಹೆಚ್ಚು ಹೇರಿಕೊಂಡು, ದಾರಿಯಲ್ಲಿ ಆಂಕರೇಜ್‌ನಲ್ಲಿ ಇಳಿದು ಟ್ಯಾಂಕು ತುಂಬಿಸಿಕೊಂಡು ಹೋಗುತ್ತವೆ. ಜಗತ್ತಿನ ಅತಿ ದೊಡ್ಡ ಸರಕು ನಿಲ್ದಾಣಗಳ ಸಾಲಿನಲ್ಲಿ ನಮ್ಮದೂ ಒಂದು. ಇಡೀ ಅಮೆರಿಕದ ಫೋನು, ಬೂಟು, ಆಟದ ಸಾಮಾನು ಹಗಲೂ ರಾತ್ರಿ ನಮ್ಮ ಹೆಂಚಿನ ಮೇಲೆ ಗುಡುಗುತ್ತಾ ಇಳಿದು ಏರುತ್ತದೆ. ಅದರಲ್ಲಿ ನಮ್ಮದೂ ಇರುತ್ತದೆ. ಆದರೆ ಅದನ್ನು ಇಲ್ಲಿ ಇಳಿಸುವಂತಿಲ್ಲ. ವಿಂಗಡಿಸುವ ಮನೆ ಇರುವುದು ಅಲ್ಲಿ. ಬೆಂಗಳೂರಿನ ರಾತ್ರಿ ರೈಲಿನಲ್ಲಿ ನಿದ್ದೆ ಹೋಗಿ, ತಿಪಟೂರು ದಾಟಿದ ಮೇಲೆ ಎಚ್ಚರವಾಗಿ, ಅರಸೀಕೆರೆಯಲ್ಲಿ ಇಳಿದು ಬೆಪ್ಪಾಗಿ ನಿಲ್ಲುತ್ತಿದ್ದ ನನ್ನ ಚಿಕ್ಕಪ್ಪ ನೆನಪಾದರು. ಅವರಾದರೂ ಮುಂದಿನ ಬಸ್ಸಿಗೆ ವಾಪಸು ಬರುತ್ತಿದ್ದರು.

ಸಹಾಯವಾಣಿಗೆ ಫೋನ್ ಮಾಡಿದೆವು. ವಿಳಾಸ ಕೇಳಿದ ಹುಡುಗಿ, “ಅಲಾಸ್ಕಾ ಎಂದಿರಾ? ಅಂತರರಾಷ್ಟ್ರೀಯ ವಿಭಾಗಕ್ಕೆ ಜೋಡಿಸುತ್ತೇನೆ” ಎಂದಳು. ಹನ್ನೆರಡು ನಿಮಿಷ ಸಂಗೀತ. ಅಂತರರಾಷ್ಟ್ರೀಯ ವಿಭಾಗದವನು, “ಅಲಾಸ್ಕಾ ನಮ್ಮ ದೇಶದಲ್ಲೇ ಇದೆಯಲ್ಲ ಮೇಡಂ” ಎಂದು ನನಗೆ ಭೂಗೋಳ ಹೇಳಿಕೊಟ್ಟು ಮತ್ತೆ ಅದೇ ಹುಡುಗಿಯ ಬಳಿಗೆ ಅಟ್ಟಿದ. ಎರಡು ಸಂಗೀತಗಳಲ್ಲಿ ಅಂತರರಾಷ್ಟ್ರೀಯ ವಿಭಾಗದ್ದು ಸ್ವಲ್ಪ ವಾಸಿ.

ಕೆಂಟಕಿಯಲ್ಲಿ ಗ್ಯಾಸ್ಕೆಟ್ ಐದು ದಿನ ಬೀಡುಬಿಟ್ಟಿತು. ಕಾರಣವನ್ನು ಇವರು ಓದಿದಾಗ ನಾನು ಎರಡನೆಯ ಸಲ ಓದಿಸಿದೆ: “ಪ್ರತಿಕೂಲ ಹವಾಮಾನದಿಂದ ವಿಳಂಬ.” ಅಲ್ಲಿ ಮೂರು ಇಂಚು ಹಿಮ ಬಿದ್ದಿತ್ತಂತೆ. ಅಂದು ನಮ್ಮ ಬೀದಿಯಲ್ಲಿ ಒಂದಡಿ ಬಿದ್ದಿತ್ತು. ನಾನು ಗೋರಿ, ಬದು ಹಾರಿ, ಮೊಳೆ ಜಡಿದ ಚಳಿಗಾಲದ ಟೈರುಗಳ ಮೇಲೆ, ಲಾಳ ಹೊಡೆಸಿದ ಎತ್ತಿನಂತೆ ಟಕಟಕನೆ ಕಚೇರಿಗೆ ಹೋಗಿ, ಐದು ನಿಮಿಷ ತಡವಾದದ್ದಕ್ಕೆ ಕ್ಷಮೆ ಕೇಳಿದ್ದೆ. ಅಲ್ಲಿಂದ ಹೊರಟದ್ದು ಸಿಯಾಟಲ್ ಕಡೆಗೆ. ಅಲ್ಲಿ ಯಾರಿಗೆ ಏನನಿಸಿತೋ, ಟಕೋಮಾ ಬಂದರಿನಲ್ಲಿ ಹಡಗು ಹತ್ತಿಸಿದರು. “ಸಮುದ್ರಯಾನ ಆರಂಭವಾಗಿದೆ” ಎಂದು ಇವರು ಓದಿದ ಧ್ವನಿಯಲ್ಲಿ ಈಗ ಒಂದು ಬಗೆಯ ಭಕ್ತಿ ಇತ್ತು. ಇವರ ಲೆಕ್ಕದಲ್ಲಿ ಒಟ್ಟು ಹದಿನೆಂಟು ಸಾವಿರ ಕಿಲೋಮೀಟರಿಗೂ ಹೆಚ್ಚು. ವಿಮಾನ, ಲಾರಿ, ಹಡಗು ಎಲ್ಲವೂ ಆದವು, ನಾಯಿಗಾಡಿಯೊಂದು ಬಾಕಿ.

ಈ ರಾಜ್ಯದಲ್ಲಿ ಎಣ್ಣೆಯ ಆದಾಯ ಕೂಡಿಟ್ಟ ನಿಧಿಯಿಂದ ವರ್ಷಕ್ಕೊಮ್ಮೆ ನಿವಾಸಿಗಳಿಗೆಲ್ಲ ಹಣ ಹಂಚುತ್ತಾರೆ. 2024ರಲ್ಲಿ 1702 ಡಾಲರ್, 2025ರಲ್ಲಿ 1000. ಸುಮ್ಮನೆ ಇಲ್ಲಿ ಇದ್ದುದಕ್ಕೆ ಕೂಲಿ ಎಂದು ನೆಂಟರೆಲ್ಲ ಹೊಟ್ಟೆಕಿಚ್ಚುಪಡುತ್ತಾರೆ. ಕೂಲಿಯಲ್ಲ ಸ್ವಾಮಿ, ಸಾಗಣೆ ವೆಚ್ಚದ ಮರುಪಾವತಿ.

ಜನವರಿ 13ರ ಮಧ್ಯಾಹ್ನ ಕೊನೆಯ ವಾರ್ತೆ ಬಂತು. “ತಲುಪಿದೆ. ಅಂಚೆಪೆಟ್ಟಿಗೆಯಲ್ಲಿ ಇರಿಸಲಾಗಿದೆ.” ಊರಿನಲ್ಲಿ ಆಗಲೇ ಸಂಕ್ರಾಂತಿ ಹುಟ್ಟಿತ್ತು. ಹುಗ್ಗಿ ಮಾಡೋಣವೆಂದು ಕಚೇರಿಯಿಂದ ಅರ್ಧ ಗಂಟೆ ಮೊದಲೇ ಹೊರಟು ಬಂದೆ.

ನಮ್ಮ ಬೀದಿಯ ಹನ್ನೆರಡು ಮನೆಗಳ ಅಂಚೆಪೆಟ್ಟಿಗೆಗಳು ಬೀದಿಯ ತುದಿಯಲ್ಲಿ ಒಂದೇ ಗೂಡಿನಲ್ಲಿವೆ. ಕಾರು ನಿಲ್ಲಿಸಿ, ಬೀಗದ ಕೈ ತೆಗೆದು, ತಲೆ ಎತ್ತಿ ನೋಡುತ್ತೇನೆ: ಗೂಡಿಗೆ ಬೆನ್ನು ಒರಗಿಸಿದಂತೆ ಒಂದು ಮೂಸ್ ನಿಂತಿದೆ.

ಮೂಸ್ ನೋಡದವರಿಗೆ ಹೇಳುತ್ತೇನೆ. ಕುದುರೆಯ ಕಾಲಿಗೆ ಎಮ್ಮೆಯ ಮೈ ಜೋಡಿಸಿ, ಒಂಟೆಯ ಮೂತಿ ಇಟ್ಟು, ಸಿಟ್ಟು ಮಾತ್ರ ಯಾವ ಪ್ರಾಣಿಯದೂ ಸಾಲದೆಂದು ಬೇರೆಯೇ ಮಾಡಿಸಿ ತುಂಬಿದಂತೆ ಇರುತ್ತದೆ. ಚಳಿಗಾಲದಲ್ಲಿ ಇವು ಗುಡ್ಡ ಇಳಿದು ಊರೊಳಗೆ ಬಂದು ಗಿಡಗಂಟಿ ಮೇಯುತ್ತವೆ. ಓಡಿಸಬಾರದು. ತಿನ್ನಲು ಕೊಡುವುದು ಕಾನೂನಿನ ಪ್ರಕಾರ ಅಪರಾಧ. ಹತ್ತಿರ ಹೋಗಬಾರದು. ಕಿವಿ ಹಿಂದಕ್ಕೆ ಮಡಚಿ ಹೆಗಲ ಕೂದಲು ನಿಮಿರಿಸಿದರೆ ಮರದ ಹಿಂದೆಯೋ ಕಾರಿನ ಹಿಂದೆಯೋ ಓಡಬೇಕು. ಇಲ್ಲಿಯ ಕಚೇರಿಗಳಲ್ಲಿ ತಡವಾಗಿ ಬಂದದ್ದಕ್ಕೆ ಮರುಪ್ರಶ್ನೆಯಿಲ್ಲದೆ ಒಪ್ಪುವ ಒಂದೇ ಕಾರಣ, “ಬಾಗಿಲಲ್ಲಿ ಮೂಸ್ ನಿಂತಿತ್ತು.”

ಹದಿನೆಂಟು ಸಾವಿರ ಕಿಲೋಮೀಟರ್ ಬಂದ ಗ್ಯಾಸ್ಕೆಟ್ಟಿಗೂ ನನಗೂ ನಡುವೆ ಇನ್ನು ಉಳಿದದ್ದು ಹದಿನೈದು ಅಡಿ. ನಾನು ಕಾರಿನೊಳಗೆ ಕುಳಿತೆ. ಮೂಸ್ ಪಕ್ಕದ ಆಲ್ಡರ್ ಗಿಡದಿಂದ ಒಂದು ಕಡ್ಡಿ ಕಿತ್ತಿತು. ಅಗಿಯಿತು. ಯೋಚಿಸಿತು. ಇನ್ನೊಂದು ಕಡ್ಡಿ ಕಿತ್ತಿತು. ತಾಂಬೂಲ ಹಾಕಿಕೊಂಡು ಪಂಚಾಯಿತಿ ಕಟ್ಟೆಯ ಮೇಲೆ ಕುಳಿತ ಯಜಮಾನರು ತೀರ್ಪು ಕೊಡುವ ಮೊದಲು ಅಗಿಯುತ್ತಾರಲ್ಲ, ಹಾಗೆ. ಹತ್ತು ನಿಮಿಷವಾಯಿತು. ಪಕ್ಕದ ಮನೆಯ ಮುದುಕರು ತಮ್ಮ ಪತ್ರ ತೆಗೆದುಕೊಳ್ಳಲು ಬಂದವರು ದೂರದಲ್ಲೇ ನಿಂತು, ನೋಡಿ, ತಲೆಯಾಡಿಸಿ, ವಾಪಸು ಹೋದರು. ಅವರು ಹುಳಿಹಿಟ್ಟು, ನಾಳೆ ಬರುತ್ತಾರೆ. ನಾಳೆ ಬರಲು ಅವರಿಗೇನು ಸಂಕ್ರಾಂತಿಯೇ? ಇಪ್ಪತ್ತು ನಿಮಿಷ. ಇವರು ಫೋನ್ ಮಾಡಿ, “ಸಿಕ್ಕಿತೇ?” ಎಂದರು. ಇಲ್ಲ, ಮೂಸ್ ಎಂದೆ. “ಅದು ವಿವರದಲ್ಲಿ ಬಂದಿಲ್ಲವಲ್ಲ” ಎಂದರು. ತಮಾಷೆಗೆ ಹೇಳಿದ್ದಲ್ಲ. ಮತ್ತೊಮ್ಮೆ ಮೊಬೈಲಿನಲ್ಲಿ ನೋಡಿ ಹೇಳಿದ್ದು.

ಇದೇ ದಿನ ನಮ್ಮ ಸೀಮೆಯಲ್ಲಿ ದನಗಳ ಮೈ ತೊಳೆದು, ಅರಿಶಿನ ಹಚ್ಚಿ, ಕೊಂಬಿಗೆ ಬಣ್ಣ ಬಳಿದು, ಸಂಜೆ ಕಿಚ್ಚು ಹಾಯಿಸುತ್ತಾರೆ. ಚಿಕ್ಕವಳಿದ್ದಾಗ ಅಜ್ಜನ ಎತ್ತು ಬೆಂಕಿಯ ಮುಂದೆ ಹಟ ಹಿಡಿದು ನಿಂತಾಗ ಅಜ್ಜ ಅದರ ಕಿವಿಯಲ್ಲಿ ಏನೋ ಹೇಳುತ್ತಿದ್ದರು, ಅದು ನೆಗೆಯುತ್ತಿತ್ತು. ಏನು ಹೇಳುತ್ತಿದ್ದರೆಂದು ಕೇಳಿಟ್ಟುಕೊಳ್ಳಬೇಕಿತ್ತು. ಈಗ ಅಜ್ಜನೂ ಇಲ್ಲ, ಎತ್ತೂ ಇಲ್ಲ. ಕಾರಿನ ಗಾಜಿನೊಳಗಿಂದಲೇ ನಾನು, “ಹೋಗಪ್ಪ, ಮನೆಗೆ ಹೋಗು, ಹಬ್ಬದ ದಿನ” ಎಂದೆ. ಕೊಂಬು ಇರಲಿಲ್ಲ, ಆದರೆ ಗಂಡಿನ ಕೊಂಬುಗಳೂ ಈ ಕಾಲಕ್ಕೆ ಉದುರಿರುತ್ತವೆ. ಹೋಗಪ್ಪ ಎನ್ನಬೇಕೋ ಹೋಗಮ್ಮ ಎನ್ನಬೇಕೋ ತಿಳಿಯದೆ ಎರಡನ್ನೂ ಹೇಳಿದೆ. ಯಾವುದಕ್ಕೆ ಒಲಿಯಿತೋ, ನಲವತ್ತನೆಯ ನಿಮಿಷಕ್ಕೆ ಅದು ಉದ್ದನೆಯ ಕಾಲುಗಳನ್ನು ಒಂದೊಂದಾಗಿ ಎತ್ತಿ, ಯಂತ್ರ ಹಾಕಿದ ಬದುವನ್ನು ನಿರಾಯಾಸವಾಗಿ ದಾಟಿ, ಯಾರದೋ ಹಿತ್ತಿಲಿಗೆ ಹೋಯಿತು. ಅಂಚೆಪೆಟ್ಟಿಗೆಯ ಬೀಗ ಹೆಪ್ಪುಗಟ್ಟಿತ್ತು. ಅದಕ್ಕೆ ಇನ್ನೂ ಹತ್ತು ನಿಮಿಷ ಬಾಯಿಯಿಂದ ಬಿಸಿ ಉಸಿರು ಊದಿದ್ದನ್ನು ಯಾರೂ ನೋಡಲಿಲ್ಲವೆಂದು ನಂಬಿದ್ದೇನೆ.

ಗ್ಯಾಸ್ಕೆಟ್ ಸರಿಯಾಗಿ ಕುಳಿತುಕೊಂಡಿತು. ಅಕ್ಕಿ, ಹೆಸರುಬೇಳೆ ತೊಳೆದು ಹಾಕಿ, ಮುಚ್ಚಳ ಮುಚ್ಚಿ, ವೆಯ್ಟ್ ಇಟ್ಟೆ. ಆರೂವರೆಗೆ ಫೋನ್ ಬಂತು. ಚಳಿಗಾಲದಲ್ಲಿ ತಿಪಟೂರು ನಮಗಿಂತ ಹದಿನಾಲ್ಕೂವರೆ ಗಂಟೆ ಮುಂದೆ. ಅಮ್ಮನಿಗೆ ಬೆಳಗಿನ ಒಂಬತ್ತು, ಸಂಕ್ರಾಂತಿ. ನನಗೆ ಇನ್ನೂ ಭೋಗಿ.

“ಇನ್ನೂ ನಿನ್ನೆಯಲ್ಲೇ ಇದ್ದೀಯೇನೇ?” ಎಂದಳು. ಪ್ರತಿ ಸಲ ಇದನ್ನೇ ಕೇಳುತ್ತಾಳೆ, ಪ್ರತಿ ಸಲ ತಾನೇ ನಗುತ್ತಾಳೆ. ಹಿಂದೆ ಮಕ್ಕಳ ಗದ್ದಲ ಕೇಳುತ್ತಿತ್ತು; ಎಳ್ಳು ಬೀರಲು ಬಂದಿದ್ದವು. ಹೊಸ ಲಂಗದ ಸರಬರ ಕೂಡ ಕೇಳಿಸಿತೆಂದು ನನಗೆ ಅನ್ನಿಸಿತು, ಫೋನಿನಲ್ಲಿ ಅದೆಲ್ಲ ಕೇಳುವುದಿಲ್ಲ. “ನೀನು ಯಾರಿಗೆ ಎಳ್ಳು ಕೊಡುತ್ತೀಯೇ?” ಎಂದು ಕೇಳಿದಳು. ಹೋದ ವರ್ಷ ಪಕ್ಕದ ಮನೆಯ ಮುದುಕರಿಗೆ ಕೊಟ್ಟಿದ್ದೆ. ಅವರು ಬಹಳ ಸಂತೋಷದಿಂದ ತೆಗೆದುಕೊಂಡು, ಇದನ್ನು ಯಾವ ಹಕ್ಕಿಗಳು ಹೆಚ್ಚು ಇಷ್ಟಪಡುತ್ತವೆ ಎಂದು ವಿಚಾರಿಸಿದ್ದರು. ಸಕ್ಕರೆ ಅಚ್ಚು ತರಿಸಲು ನೋಡಿದ್ದೆ, ನಕ್ಷತ್ರ ಇತ್ತು. ಇದನ್ನೆಲ್ಲ ಅಮ್ಮನಿಗೆ ಹೇಳದೆ, “ಕೊಡುತ್ತೇನೆ ಬಿಡಮ್ಮ” ಎಂದೆ.

ಅಷ್ಟರಲ್ಲಿ ಕುಕ್ಕರ್ ಕೂಗಿತು.

ಐದು ವಾರದ ಮೇಲೆ ಕೇಳಿದ ಕೂಗು. ಇವರು ಒಳಕೋಣೆಯಿಂದ ಓಡಿಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತರು. ಈ ಸಲ ಏನೂ ಓದಲಿಲ್ಲ. ಫೋನಿನ ಆ ಕಡೆಯೂ ಮಾತು ನಿಂತಿತು.

“ಒಂದು” ಎಂದಳು ಅಮ್ಮ.

ಆಮೇಲೆ ಅವರೇಕಾಯಿಯ ಬೆಲೆ, ಸೋದರಮಾವನ ಮೊಣಕಾಲು, ಯಾರದೋ ನಿಶ್ಚಿತಾರ್ಥ ಎಲ್ಲ ಬಂತು. ನಾನು ಮೂಸ್ ವಿಷಯ ಹೇಳುತ್ತಿದ್ದೆ. ಅದು ಹಾಲು ಕೊಡುತ್ತದೆಯೇ ಎಂದು ಅವಳು ಕೇಳುತ್ತಿದ್ದಳು.

“ಎರಡು” ಎಂದಳು, ನಡುವೆಯೇ. “ಇನ್ನೊಂದು ಬರಲಿ, ಆಮೇಲೆ ಆರಿಸು. ಆತುರಪಟ್ಟು ಮುಚ್ಚಳ ತೆಗೆಯಬೇಡ. ತೆಗೆದ ಮೇಲೆ ಆ ರಬ್ಬರನ್ನು ತೊಳೆದು ಒಳಗೇ ಇಟ್ಟುಕೋ.”